ಹೆಸರು ತೆಗೆದ ಪುಟ

ಡೂಲಿಸ್ ಕೋವ್, ನ್ಯೂಫೌಂಡ್‌ಲ್ಯಾಂಡ್
11 ಫೆಬ್ರವರಿ 2001

'ತೆರೆದ ಬಾಗಿಲು' ಪ್ರಶಸ್ತಿಯ ಮುಖ್ಯ ತೀರ್ಪುಗಾರರಾದ ಶ್ರೀಮತಿ ವೆರ್ನಾ ಕ್ಲಾಸೆನ್ ಅವರಿಗೆ,

ನನ್ನ ವೆಬ್‌ಸೈಟನ್ನು ನಿಮ್ಮ ಪ್ರಶಸ್ತಿಗೆ ಕಳಿಸುತ್ತಿದ್ದೇನೆ. ಅದರ ಹೆಸರು 'ತೇಲಿ ಬಂದ ಮನೆಗಳು'. ನಾವು ಗ್ಯಾನೆಟ್ ದ್ವೀಪದವರು. ಸರ್ಕಾರ ದ್ವೀಪ ಖಾಲಿ ಮಾಡಿ ಎಂದಾಗ ನಮ್ಮವರು ಮನೆಗಳನ್ನೇ ಬುಡದಿಂದ ಎಬ್ಬಿಸಿ, ಸುತ್ತ ಖಾಲಿ ಪೀಪಾಯಿ ಕಟ್ಟಿ, ದೋಣಿಗಳಿಂದ ಎಳೆದುಕೊಂಡು ಕೊಲ್ಲಿ ದಾಟಿಸಿದರು. ನಾನು ಕೂತು ಬರೆಯುತ್ತಿರುವ ಈ ಅಡುಗೆಮನೆಯೂ ಹಾಗೆ ಈಜಿ ಬಂದದ್ದೇ. ಇವತ್ತಿಗೂ ಜೋರು ಗಾಳಿ ಬೀಸಿದರೆ ಅದಕ್ಕೆ ಹಳೆಯದು ನೆನಪಾಗಿ ಕಿರ್ರೆನ್ನುತ್ತದೆ.

ಪ್ರತಿ ಮನೆಯ ಕಥೆಯನ್ನೂ ಆ ಮನೆಯವರಿಂದಲೇ ಕೇಳಿ ಬರೆದಿದ್ದೇನೆ. ಕೊನೆಯಲ್ಲಿ ಹೇಳಿದವರ ಹೆಸರಿದೆ. ಹೆಸರು ಹಾಕುತ್ತೇನೆ, ಯಾರೂ ಎತ್ತಿಕೊಂಡು ಹೋಗದಂತೆ ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟ ಮೇಲೆಯೇ ಅವರು ಬಾಯಿ ಬಿಟ್ಟದ್ದು. ಹಾಗಾಗಿ ಪುಟಗಳಿಗೆ ಬೀಗ ಹಾಕಿದ್ದೇನೆ. ನನ್ನ ಸೋದರಳಿಯ ಕಲಿಸಿಕೊಟ್ಟ.

ಪ್ರಶಸ್ತಿ ಬಂದರೆ ಇಲ್ಲಿನವರಿಗೆ ಖುಷಿಯಾಗುತ್ತದೆ. ನನಗೂ ಆಗುತ್ತದೆ, ಸುಳ್ಳೇಕೆ ಹೇಳಲಿ.

ಫಿಲೋಮಿನಾ ಕೀಯೋ


ಸ್ಟೈನ್‌ಬಾಕ್, ಮ್ಯಾನಿಟೋಬಾ
14 ಫೆಬ್ರವರಿ 2001

ಪ್ರಿಯ ಶ್ರೀಮತಿ ಕೀಯೋ,

ನಿಮ್ಮ ಸೈಟ್ ನೋಡಿದೆ. ಅಕ್ಷರ ದೊಡ್ಡದಾಗಿದೆ, ಪುಟಗಳು ಬೇಗ ತೆರೆಯುತ್ತವೆ, ಕುಣಿಯುವ ಚಿತ್ರಗಳಿಲ್ಲ. ಇದಕ್ಕೆಲ್ಲ ಅಂಕಗಳಿವೆ.

ಒಂದೇ ತೊಡಕು. ನಿಮ್ಮ ಪುಟದ ಮೇಲೆ ಮೌಸಿನ ಬಲಗುಂಡಿ ಒತ್ತಿದೆ. "ಕೈ ತೆಗಿ ಮಗನೇ, ಇದು ನಿಂದಲ್ಲ" ಎಂಬ ಪೆಟ್ಟಿಗೆ ಎದ್ದು ಬಂತು. ನಾನು ಮೂವತ್ತು ವರ್ಷ ಮೇಷ್ಟರಾಗಿದ್ದವಳು, ಬೈಸಿಕೊಂಡು ಅಭ್ಯಾಸವಿಲ್ಲ. ಬೀಗ ಹಾಕಿದ ಸೈಟ್ ಬಂದ ಅತಿಥಿಗಳನ್ನೆಲ್ಲ ಕಳ್ಳರಂತೆ ನೋಡುತ್ತದೆ ಎಂಬುದು ನಮ್ಮ ನಿಲುವು. ಅದಕ್ಕೆ ಅಂಕ ಕಡಿಯುತ್ತೇವೆ. ತೀರ್ಪುಗಾರರಿಗಾಗಿ ನಾನೊಂದು ಓದುವ ಪ್ರತಿ ತೆಗೆಯಬೇಕು, ಬೀಗ ಅದಕ್ಕೂ ಅಡ್ಡ ಬರುತ್ತಿದೆ. ದಯವಿಟ್ಟು ತೆಗೆಯಿರಿ.

ನ್ಯಾಯದ ಬಗ್ಗೆ ನಿಮಗೆ ಚಿಂತೆ ಬೇಡ. ಹೋದ ವರ್ಷ ಗೆಳೆಯರು ಗೆಳೆಯರಿಗೇ ಪ್ರಶಸ್ತಿ ಹಂಚಿಕೊಂಡರೆಂಬ ಗಲಾಟೆಯಾಯಿತು. ಈ ಸಲ ಯಾವುದು ಯಾರ ಸೈಟೆಂದು ತೀರ್ಪುಗಾರರಿಗೆ ಗೊತ್ತಾಗದಂತೆ ನಾನೇ ಒಂದು ವಿಧಾನ ಮಾಡಿದ್ದೇನೆ. ಎಲ್ಲರಿಗೂ ಒಂದೇ ನಿಯಮ.

ವೆರ್ನಾ ಕ್ಲಾಸೆನ್


ಡೂಲಿಸ್ ಕೋವ್
20 ಫೆಬ್ರವರಿ 2001

ಪ್ರಿಯ ವೆರ್ನಾ,

ಬೈದದ್ದಕ್ಕೆ ಕ್ಷಮಿಸಿ. ಆ ಪೆಟ್ಟಿಗೆ ನನ್ನ ಸೋದರಳಿಯನಿಗಾಗಿ ಬರೆದದ್ದು, ಅವನು ಎಲ್ಲದಕ್ಕೂ ಕೈ ಹಾಕುತ್ತಾನೆ.

ಬೀಗ ತೆಗೆಯುವ ಮೊದಲು ಎಲ್ಲರನ್ನೂ ಕೇಳಿದೆ. ಮಿಕ್ಕವರು ಹೂಂ ಅಂದರು. ಪಕ್ಕದ ಮನೆಯ ಬ್ರೈಡ್ ಕರೀನ್ ಮಾತ್ರ ಕೂಡಲೇ ಒಪ್ಪಲಿಲ್ಲ. ಅವಳಿಗೆ ಎಂಬತ್ತಾಯಿತು. ಅವಳ ಕಥೆ ನೀವು ಓದಿರಬೇಕು. ದ್ವೀಪದಲ್ಲಿದ್ದಾಗ ಅವಳಿಗೊಂದು ಗಂಡುಕೂಸು ಉಸಿರಿಲ್ಲದೆ ಹುಟ್ಟಿತು. ಜ್ಞಾನಸ್ನಾನ ಆಗದ ಕೂಸೆಂದು ಆಗಿನ ಪಾದ್ರಿ ಸ್ಮಶಾನದ ಬೇಲಿಯೊಳಗೆ ಬಿಡಲಿಲ್ಲ. ಗಂಡ ಲಿಯೋ ಬಿಸ್ಕತ್ತಿನ ಪೆಟ್ಟಿಗೆಯಲ್ಲಿಟ್ಟು ಬೇಲಿಯಾಚೆ ಹೂಳಿದ. ಶಿಲುಬೆ ಇಲ್ಲ, ಕಲ್ಲಿಲ್ಲ. ಅವರು ಮನಸ್ಸಿನಲ್ಲಿ ಆಂಬ್ರೋಸ್ ಎಂದು ಕರೆದರು.

"ಬೀಗ ತೆಗೆದ್ರೂ ಹೆಸ್ರು ಇರುತ್ತಾ ಫಿಲ್?" ಅಂದಳು.

"ಹೆಸ್ರು ಎಲ್ಲಿಗೆ ಹೋಗುತ್ತೆ ಕಣೆ, ಇರುತ್ತೆ."

"ಆ ಮ್ಯಾನಿಟೋಬಾದವಳು ಒಳ್ಳೇವ್ಳಾ?"

"ಮೇಷ್ಟ್ರು. ಶಿಸ್ತಿನವ್ಳು."

"ಹಂಗಾದ್ರೆ ತೆಗಿ."

ತೆಗೆದಿದ್ದೇನೆ.

ಫಿಲ್


ಸ್ಟೈನ್‌ಬಾಕ್
3 ಮಾರ್ಚ್ 2001

ಪ್ರಿಯ ಫಿಲ್,

ಪ್ರತಿ ತೆಗೆದುಕೊಂಡೆ. ನನ್ನ ಜೊತೆ ಇನ್ನಿಬ್ಬರು ತೀರ್ಪುಗಾರರು ಓದುತ್ತಿದ್ದಾರೆ. ಮೇ ತಿಂಗಳವರೆಗೆ ತಾಳ್ಮೆ ಇರಲಿ. ಇಲ್ಲಿ ಹಿಮ ಕಿಟಕಿಯವರೆಗೆ ಬಂದಿದೆ. ನನ್ನ ಗಂಡ ಏಬ್ ದಿನವೂ ಅದನ್ನು ಬೈಯುತ್ತಾನೆ, ಅದು ದಿನವೂ ಬೀಳುತ್ತದೆ.

ನಿಮ್ಮ ಗೆಳತಿಗೆ ಹೇಳಿ, ಕಥೆ ಓದಿ ಕಣ್ಣು ತುಂಬಿತು.

ವೆರ್ನಾ


ಡೂಲಿಸ್ ಕೋವ್
29 ಏಪ್ರಿಲ್ 2001, ಭಾನುವಾರ

ವೆರ್ನಾ,

ಪೂಜೆಯಿಂದ ಈಗಷ್ಟೇ ಬಂದೆ. ಕೋಟು ಕೂಡ ಕಳಚಿಲ್ಲ.

ಫಾದರ್ ಡಾಲ್ಟನ್ ಪ್ರವಚನದ ನಡುವೆ ಒಂದು ಹಾಳೆ ತೆಗೆದರು. "ನನ್ನ ಅಕ್ಕ ಇಮೇಲ್ ಕಳ್ಸಿದ್ಲು. ಬರೆದವರು ಯಾರೋ ಗೊತ್ತಿಲ್ಲ. ಆದ್ರೆ ಯಾರೋ ಒಬ್ಬ ತಾಯಿ, ಅಷ್ಟಂತೂ ನಿಜ" ಎಂದು ಓದತೊಡಗಿದರು. ಎರಡನೇ ಸಾಲಿಗೇ ಅದು ಬ್ರೈಡಳ ಕಥೆಯೆಂದು ಗೊತ್ತಾಯಿತು. ಬಿಸ್ಕತ್ತಿನ ಪೆಟ್ಟಿಗೆ, ಬೇಲಿಯಾಚೆ ಹೂಳಿದ್ದು, ಮನೆ ತೇಲಿ ಹೊರಟಾಗ ಅವಳು ದೋಣಿಯಲ್ಲಿ ಹಿಂದಕ್ಕೆ ತಿರುಗಿ ಕೂತದ್ದು, ಎಲ್ಲವೂ ಇತ್ತು. ಎಲ್ಲಿಯೂ ಹೆಸರಿರಲಿಲ್ಲ. ಬ್ರೈಡ್ ಹೇಳಿದ್ದು, ನಾನು ಬರೆದದ್ದು, "ಮನೆಯನ್ನೇ ತಂದೆವು, ಆಂಬ್ರೋಸ್‌ನನ್ನು ಬಿಟ್ಟುಬಂದೆವು" ಎಂದು. ಫಾದರ್ ಓದಿದ್ದು, "ಮನೆಯನ್ನೇ ತಂದೆವು, ಮಗುವನ್ನು ಬಿಟ್ಟುಬಂದೆವು" ಎಂದು. ಕೆಳಗೆ, ಹತ್ತು ಜನರಿಗೆ ಕಳಿಸಿದರೆ ಒಬ್ಬ ದೇವದೂತ ನಿಮ್ಮ ಮನೆಗೆ ಬರುತ್ತಾನೆ ಎಂದಿತ್ತಂತೆ.

ಬ್ರೈಡ್ ನನ್ನ ಪಕ್ಕದಲ್ಲೇ ಇದ್ದಳು, ಈಸ್ಟರಿನ ಟೋಪಿ ಹಾಕಿಕೊಂಡು. ಎದ್ದು ನಿಂತಳು. ಏನೋ ಹೇಳುತ್ತಾಳೆ ಎಂದುಕೊಂಡೆ. ನೆಟ್ಟಗೆ ಹೊರಗೆ ನಡೆದಳು. ಮೆಟ್ಟಿಲ ಬಳಿ ಹಿಡಿದುಕೊಂಡೆ.

"ಮಾರಿಬಿಟ್ಯಾ ಫಿಲ್?"

"ದೇವ್ರಾಣೆ ಇಲ್ಲ!"

"ಮತ್ತೆ ಅವ್ನ ಹೆಸ್ರು ಯಾರು ತೆಗೆದ್ರು? ಪಾದ್ರಿ ಬೇಲಿ ಆಚೆ ಹಾಕ್ದಾಗ್ಲೂ ಹೆಸ್ರು ನನ್ ಹತ್ರ ಇತ್ತು. ನಿಂಗೆ ಕೊಟ್ಟೆ. ಅದೊಂದೇ ಕಡೆ ಬರೆದಿದ್ದಿದ್ದು."

ಬೀಗ ತೆಗೆದವಳು ನಾನೇ ತಾನೇ? ಪ್ರಶಸ್ತಿಯೆಂದು ನೀವು ಕಳಿಸುವ ಒಂದು ಪದಕದ ಚಿತ್ರಕ್ಕೆ ಆಸೆಪಟ್ಟು ಬೀಗ ತೆಗೆದೆ. ಬರುವ ದಾರಿಯಲ್ಲೇ ಸೋದರಳಿಯನನ್ನು ಹಿಡಿದು ಚೆನ್ನಾಗಿ ಝಾಡಿಸಿದೆ. ಪಾಪ, ಅವನು ಅತ್ತುಬಿಟ್ಟ, ಅವನದೇನೂ ಇಲ್ಲ. ನಿಮಗೆ ಕಂಪ್ಯೂಟರ್ ಗೊತ್ತು. ಯಾರು ಕದ್ದರೆಂದು ಹುಡುಕಿಕೊಡುತ್ತೀರಾ? ನನಗೆ ಬೇರೆ ಯಾರೂ ಗೊತ್ತಿಲ್ಲ.

ಫಿಲ್


ಸ್ಟೈನ್‌ಬಾಕ್
30 ಏಪ್ರಿಲ್ 2001
(ಕಳಿಸಲಿಲ್ಲ)

ಪ್ರಿಯ ಫಿಲ್,

ಕದ್ದವಳು ನಾನು. ಕದಿಯಬೇಕೆಂದು ಮಾಡಲಿಲ್ಲ, ಆದರೆ ಕೈ ನನ್ನದೇ.

ನನ್ನ ವಿಧಾನ ಇದು: ಪ್ರತಿ ಸೈಟಿನ ಪುಟಗಳನ್ನು ನನ್ನ ಸೈಟಿನ ಒಂದು ಮೂಲೆಯಲ್ಲಿಟ್ಟೆ. ಯಾರದೆಂದು ಗೊತ್ತಾಗದಿರಲು ಹೆಸರುಗಳನ್ನೆಲ್ಲ ತೆಗೆದೆ. ನಿಮ್ಮದು, ಊರಿನದು, ಜನರದು. ಬೇರೆ ಪುಟಗಳಿಂದ ಆ ಮೂಲೆಗೆ ದಾರಿ ಮಾಡಲಿಲ್ಲ, ದಾರಿಯಿಲ್ಲದಿದ್ದರೆ ಯಾರೂ ಬರುವುದಿಲ್ಲ ಎಂದುಕೊಂಡೆ. ಇವತ್ತು ಇಬ್ಬರು ತೀರ್ಪುಗಾರರನ್ನೂ ಕೇಳಿದೆ. ಒಬ್ಬಾಕೆ ಬ್ರೈಡ್ ಅವರ ಕಥೆಗೆ ಕರಗಿ ತನ್ನ ತಂಗಿಗೆ ಕಳಿಸಿದ್ದಳಂತೆ. ತಂಗಿ ಚರ್ಚಿನ ಗುಂಪಿಗೆ ಕಳಿಸಿದಳು. ಅವರನ್ನು ಬೈಯಲು ನನಗೆ ಬಾಯಿಲ್ಲ. ಹೆಸರಿದ್ದಿದ್ದರೆ ಕಥೆ ಹೆಸರಿನೊಂದಿಗೇ ಹೋಗುತ್ತಿತ್ತು. ಹೆಸರಿಲ್ಲದ್ದನ್ನು ನಾನೇ ಮಾಡಿ ಇಟ್ಟಿದ್ದೆ.

ನಿಮಗೆ ಹೇಗೆ ಹೇಳಲಿ


ಸ್ಟೈನ್‌ಬಾಕ್
2 ಮೇ 2001

ಪ್ರಿಯ ಫಿಲ್,

ಓದಿ ಬಹಳ ನೋವಾಯಿತು. ಇಂಥ ಇಮೇಲುಗಳ ಮೂಲ ಪತ್ತೆ ಮಾಡುವುದು ಕಷ್ಟ. ಸಾವಿರಾರು ಜನರ ಕೈ ದಾಟಿರುತ್ತದೆ. ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ.

ನಾವು ಮೆನೊನೈಟ್ ಕ್ರೈಸ್ತರು. ನಮ್ಮ ಸಭೆಯಲ್ಲಿ ಮಕ್ಕಳಿಗೆ ಜ್ಞಾನಸ್ನಾನವೇ ಇಲ್ಲ, ಬೆಳೆದ ಮೇಲೆ ಅವರವರೇ ಕೇಳಿ ಪಡೆಯುತ್ತಾರೆ. ತೀರಿಕೊಂಡ ಕೂಸುಗಳೆಲ್ಲ ಮಿಕ್ಕವರ ಜೊತೆ ಬೇಲಿಯೊಳಗೇ ಮಲಗಿವೆ. ಹಾಗಾಗಿ ಆ ಕೂಸಿನ ಬಗ್ಗೆ ಬ್ರೈಡ್ ನೆಮ್ಮದಿಯಾಗಿರಬಹುದು ಎಂದು ನನ್ನ ಅನಿಸಿಕೆ.

ವೆರ್ನಾ


ಡೂಲಿಸ್ ಕೋವ್
6 ಮೇ 2001

ವೆರ್ನಾ,

ನಿಮ್ಮ ಸಮಾಧಾನವನ್ನು ಬ್ರೈಡ್‌ಗೆ ಓದಿ ಹೇಳಲಿಲ್ಲ. ಒಳ್ಳೆಯ ಮನಸ್ಸಿನಿಂದ ಬರೆದಿದ್ದೀರಿ, ಆದರೆ ಅವಳು ನನ್ನ ಮನೆಗೆ ಬರುತ್ತಿಲ್ಲ. ಬೆಳಿಗ್ಗೆ ಅವಳ ಬಾಗಿಲಿಗೆ ಬ್ರೆಡ್ ಇಟ್ಟು ಬಂದೆ. ಸಂಜೆ ನೋಡಿದರೆ ನನ್ನ ಬಾಗಿಲಿಗೆ ವಾಪಸು ಬಂದಿತ್ತು, ಬಟ್ಟೆ ನೀಟಾಗಿ ಮಡಿಚಿ.

ಫಿಲ್


ಸ್ಟೈನ್‌ಬಾಕ್
14 ಮೇ 2001

ಪ್ರಿಯ ಫಿಲ್,

ಸಂತೋಷದ ಸುದ್ದಿ! ಈ ವರ್ಷದ ಚಿನ್ನದ ಪ್ರಶಸ್ತಿ 'ತೇಲಿ ಬಂದ ಮನೆಗಳು' ಸೈಟಿಗೆ. ಪದಕದ ಚಿತ್ರವನ್ನು ಇದರೊಂದಿಗೆ ಕಳಿಸಿದ್ದೇನೆ, ಮೊದಲ ಪುಟದಲ್ಲೇ ಹಾಕಿ. ಇಂಥ ಪ್ರಾಮಾಣಿಕ ಬರವಣಿಗೆಯನ್ನು ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ. ಬೇಕಾದರೆ ಬೀಗವನ್ನು ಮತ್ತೆ ಹಾಕಿಕೊಳ್ಳಿ, ಅದಕ್ಕೆ ಅಂಕ ಕಡಿಯುವುದಿಲ್ಲ. ಆ ನಿಯಮವನ್ನೇ ತೆಗೆದುಹಾಕುತ್ತಿದ್ದೇನೆ. ಬ್ರೈಡ್ ಅವರಿಗೆ ವಿಶೇಷವಾಗಿ ತಿಳಿಸಿ. ದಯವಿಟ್ಟು ತಿಳಿಸಿ.

ವೆರ್ನಾ


ಡೂಲಿಸ್ ಕೋವ್
27 ಮೇ 2001

ಪ್ರಿಯ ವೆರ್ನಾ,

ಪದಕ ಹಾಕಿದ್ದೇನೆ. ಖುಷಿಪಟ್ಟೆ, ಆಮೇಲೆ ಖುಷಿಪಟ್ಟದ್ದಕ್ಕೆ ನಾಚಿಕೆಯಾಯಿತು. ಅಂಗಡಿಗೆ ಹೋದಾಗ ಅದರ ಮಾಲೀಕ ಗಸ್ ಎಲ್ಲರೆದುರು, "ಏನಮ್ಮ ಫಿಲ್, ಸತ್ತ ಕೂಸು ಕೊಟ್ಟು ಚಿನ್ನ ತಗೊಂಡ್ಯಂತೆ!" ಅಂದ. ತಮಾಷೆಗಂತೆ. ಯಾರೂ ನಗಲಿಲ್ಲ, ಯಾರೂ ಅವನ ಬಾಯಿ ಮುಚ್ಚಿಸಲೂ ಇಲ್ಲ.

ಆದರೂ ನಿಮಗೆ ಋಣಿ. ಈ ತಿಂಗಳಲ್ಲಿ ನನ್ನನ್ನು ನಂಬಿದವರು ನೀವೊಬ್ಬರೇ.

ಫಿಲ್


ಡೂಲಿಸ್ ಕೋವ್
15 ಜೂನ್ 2001

ಶ್ರೀಮತಿ ಕ್ಲಾಸೆನ್,

ನಿಮ್ಮ ಇನ್ನೊಬ್ಬ ತೀರ್ಪುಗಾರ, ಹಾಲೆಂಡಿನ ಗೆರಿಟ್ ಹಾಫ್‌ಸ್ಟ್ರಾ, ನನಗೆ ಬರೆದಿದ್ದಾರೆ. ಬ್ರೈಡಳ ಕಥೆ 'ಬರೆದವರು ತಿಳಿಯದು' ಎಂದು ಎಲ್ಲೆಲ್ಲೂ ಸಿಕ್ಕಿದ್ದರಿಂದ, ನಾನೇ ಕದ್ದಿದ್ದೇನೆಂದು ಅವರು ನನಗೆ ಸೊನ್ನೆ ಕೊಟ್ಟಿದ್ದರಂತೆ. ನೀವು ಕಾರಣ ಹೇಳದೆ ಸೊನ್ನೆಯನ್ನು ಅಳಿಸಿ ಚಿನ್ನ ಕೊಟ್ಟಿರಿ. ಅದು ನ್ಯಾಯವೋ ಎಂದು ಅವರು ನನ್ನನ್ನೇ ಕೇಳಿದ್ದಾರೆ. ಒರಟು ಮನುಷ್ಯ, ಆದರೆ ಮುಖಕ್ಕೆ ಹೇಳುತ್ತಾನೆ.

ನಾನು ಸಿಟ್ಟಿನಲ್ಲಿ ಉತ್ತರಿಸಿದೆ: ನನ್ನ ಕಥೆಯಲ್ಲಿ ಕೂಸಿಗೆ ಹೆಸರಿದೆ, ಕದ್ದದ್ದರಲ್ಲಿ ಇಲ್ಲ, ಅಷ್ಟೂ ಕಾಣುವುದಿಲ್ಲವೇ? ಅವರೆಂದರು, "ನಾವು ಓದಿದ ಪ್ರತಿಯಲ್ಲೂ ಹೆಸರಿರಲಿಲ್ಲ." ಆ ಪ್ರತಿಯನ್ನು ಕಳಿಸಿದರು. ಫಾದರ್ ಡಾಲ್ಟನ್‌ರಿಂದ ಆ ಹಾಳೆ ಈಸಿಕೊಂಡು ಬಂದು ಪಕ್ಕಪಕ್ಕ ಇಟ್ಟು ಓದಿದೆ. ಒಂದು ಪದ ಆಚೀಚೆ ಇಲ್ಲ.

ನಾನು ಕಳ್ಳರನ್ನು ಹುಡುಕಿಕೊಡಿ ಎಂದು ನಿಮ್ಮನ್ನೇ ಕೇಳಿದ್ದೆ.

ಫಿಲೋಮಿನಾ ಕೀಯೋ


ಸ್ಟೈನ್‌ಬಾಕ್
16 ಜೂನ್ 2001

ಫಿಲ್,

ಏಪ್ರಿಲ್ ಮೂವತ್ತರಂದು ಬರೆದು ಕಳಿಸದೆ ಇಟ್ಟಿದ್ದ ಪತ್ರವನ್ನು ಇದರೊಂದಿಗೆ ಕಳಿಸುತ್ತಿದ್ದೇನೆ. ಅದರಲ್ಲಿ ಎಲ್ಲವೂ ಇದೆ. ಅದನ್ನು ಕಳಿಸಿದ್ದರೆ ಆ ವಾರವೇ ಬ್ರೈಡ್ ನಿಮ್ಮ ಮನೆಗೆ ಮರಳುತ್ತಿದ್ದರು. ನೀವು ನಿಮ್ಮನ್ನೇ ಬೈದುಕೊಳ್ಳುತ್ತಿದ್ದುದನ್ನು ಓದಿಯೂ ಬಾಯಿ ಮುಚ್ಚಿಕೊಂಡಿದ್ದೆ. ನ್ಯಾಯದ ತೀರ್ಪುಗಾರ್ತಿ ಎಂದು ಜನ ಕರೆಯುವುದು ನನಗೆ ಅಷ್ಟು ಇಷ್ಟವಾಗಿತ್ತು.

ಚಿನ್ನವೂ ನ್ಯಾಯದ್ದಲ್ಲ. ನಿಮ್ಮ ಸೈಟ್ ಅದಕ್ಕೆ ಯೋಗ್ಯವೇ ಇರಬಹುದು, ಆದರೆ ನಾನು ಕೊಟ್ಟದ್ದು ನನ್ನ ತಪ್ಪಿಗೆ ಪರಿಹಾರವಾಗಲೆಂದು. ಆಗಲಿಲ್ಲ.

ಇದನ್ನೆಲ್ಲ ಗೆರಿಟ್‌ಗೂ, ಪ್ರಶಸ್ತಿಯ ಸದಸ್ಯರೆಲ್ಲರಿಗೂ ಬರೆದಿದ್ದೇನೆ. ಗಸ್‌ನ ಅಂಗಡಿಯಲ್ಲಿ ಅಂಟಿಸಲು ಒಂದು ಪ್ರತಿ ಅಂಚೆಯಲ್ಲಿ ಬರುತ್ತದೆ. ಅದರಲ್ಲಿ ನನ್ನ ಪೂರ್ತಿ ಹೆಸರಿದೆ.

ವೆರ್ನಾ


ಡೂಲಿಸ್ ಕೋವ್
9 ಸೆಪ್ಟೆಂಬರ್ 2001

ವೆರ್ನಾ,

ಬೇಸಿಗೆಯೆಲ್ಲ ಉತ್ತರಿಸಲಿಲ್ಲ. ಬರೆದಿದ್ದರೆ ಬರೀ ಬೈಗುಳ ಬರುತ್ತಿತ್ತು, ನನಗೆ ಅದರಲ್ಲಿ ಒಳ್ಳೆಯ ಕೈ ಇದೆ.

ಪದಕ ತೆಗೆದಿದ್ದೇನೆ. ನಿಮ್ಮ ಕಾಗದ ಅಂಗಡಿಯಲ್ಲಿ ಎರಡು ವಾರ ಇತ್ತು. ಗಸ್ ಬಂದು ಕ್ಷಮೆ ಕೇಳಿದ, ಜೌಗಿನಲ್ಲಿ ಕಿತ್ತ ಒಂದು ಬಕೆಟ್ ಬೇಕ್‌ಆಪಲ್ ಹಣ್ಣು ಕೊಟ್ಟ. ಹಣ್ಣು ಇಟ್ಟುಕೊಂಡೆ, ಕ್ಷಮೆಯ ಬಗ್ಗೆ ಇನ್ನೂ ಯೋಚಿಸುತ್ತಿದ್ದೇನೆ.

ಬ್ರೈಡ್ ಬರುತ್ತಾಳೆ. ನಿಮ್ಮ ಎರಡೂ ಪತ್ರಗಳನ್ನು ಅವಳಿಗೆ ಓದಿದೆ. ಜೋರು ಮಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದ್ದಾಳೆ. ಅವಳು ಹೇಳಿದ ಹಾಗೇ ಬರೆಯುತ್ತೇನೆ:

"ಅವ್ಳನ್ನ ಕೇಳು. ಹೆಸ್ರು ಅಳಿಸ್ದಾಗ ಅದ್ನ ಓದಿದ್ಲಾ, ಇಲ್ಲಾ ಮಿಷಿನ್ನೇ ಅಳಿಸ್ತಾ?"

ಫಿಲ್


ಸ್ಟೈನ್‌ಬಾಕ್
30 ಸೆಪ್ಟೆಂಬರ್ 2001

ಫಿಲ್,

ಮೂರು ವಾರ ಬೇಕಾಯಿತು. ಮಿಷಿನ್ನೇ ಅಳಿಸಿತು ಎಂದು ಬರೆಯುವುದು ಬಹಳ ಸುಲಭವಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮಿಕ್ಕ ಹೆಸರುಗಳನ್ನು ಮಿಷಿನ್ನೇ ಅಳಿಸಿತು. ಕೀಯೋ, ಕರೀನ್, ಬ್ರೈಡ್, ಲಿಯೋ, ಗ್ಯಾನೆಟ್, ಎಲ್ಲವನ್ನೂ ಒಂದೇ ಏಟಿಗೆ. ಆಂಬ್ರೋಸ್ ಉಳಿದುಕೊಂಡಿತ್ತು. ಆ ಹೆಸರನ್ನು ಮಿಷಿನ್ನಿಗೆ ಹೇಳಲು ಮರೆತಿದ್ದೆ. ಕೊನೆಯ ಸಲ ಓದಿ ನೋಡುವಾಗ ಸಿಕ್ಕಿತು. ಓದಿದೆ, ಅತ್ತೆ. ಏಬ್ ಬಂದು ಏನಾಯಿತೆಂದು ಕೇಳಿದ, ಏನಿಲ್ಲ ಎಂದೆ. ಸತ್ತ ಕೂಸಿನ ಹೆಸರಿನಿಂದ ಯಾವ ತೀರ್ಪುಗಾರನಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಅದು ಇದ್ದರೆ ಯಾರಿಗೂ ಅನ್ಯಾಯವಾಗುತ್ತಿರಲಿಲ್ಲ. ಆದರೂ ಎಲ್ಲರಿಗೂ ಒಂದೇ ನಿಯಮ ಎಂದುಕೊಂಡು, ಕಣ್ಣೊರೆಸಿಕೊಂಡು, ಒಂದೊಂದೇ ಅಕ್ಷರ ಅಳಿಸಿ 'ಮಗು' ಎಂದು ಬರೆದೆ. ಓದಿಯೇ ಅಳಿಸಿದೆ, ನನ್ನ ಬೆರಳಿನಿಂದಲೇ.

ನಮ್ಮಲ್ಲಿ ಅವನು ಬೇಲಿಯೊಳಗೇ ಇರುತ್ತಿದ್ದ ಎಂದು ನಿಮಗೆ ಬುದ್ಧಿ ಹೇಳಿದ್ದೆ. ಅವನನ್ನು ಎರಡನೇ ಸಲ ಬೇಲಿಯಾಚೆ ಹಾಕಿದವಳು ನಾನು. ಇದನ್ನು ಬ್ರೈಡ್ ಅವರಿಗೆ ಪೂರ್ತಿ ಓದಿ, ಏನನ್ನೂ ಬಿಡಬೇಡಿ.

ವೆರ್ನಾ


ಡೂಲಿಸ್ ಕೋವ್
20 ಅಕ್ಟೋಬರ್ 2001

ವೆರ್ನಾ,

ಪೂರ್ತಿ ಓದಿದೆ. ಬ್ರೈಡ್ ಕನ್ನಡಕ ತೆಗೆದು ಲಂಗದಿಂದ ಒರೆಸಿದಳು, ಒರೆಸುತ್ತಲೇ ಇದ್ದಳು.

"ನಾನವ್ಳನ್ನ ಕ್ಷಮಿಸಿಲ್ಲ ಅಂತ ಬರಿ" ಅಂದಳು.

"ಬರೀತೀನಿ."

"ಸುಳ್ಳು ಹೇಳ್ಲಿಲ್ಲ, ಅದ್ನೂ ಬರಿ."

ಮನೆಗೆ ಹೊರಟವಳು ಬಾಗಿಲಲ್ಲಿ ನಿಂತು ತಿರುಗಿದಳು. ನವೆಂಬರ್ ಎರಡಕ್ಕೆ ಇಲ್ಲಿ ಸತ್ತವರ ಹಬ್ಬ. ಪ್ರತಿ ಮನೆಯವರೂ ತಮ್ಮವರ ಹೆಸರು ಬರೆದು ಲಕೋಟೆ ಕೊಡುತ್ತಾರೆ, ಫಾದರ್ ಒಂದೊಂದನ್ನೇ ಕೂಗಿ ಓದುತ್ತಾರೆ. ಬ್ರೈಡ್ ಯಾವತ್ತೂ ಅವನ ಹೆಸರು ಕೊಟ್ಟಿರಲಿಲ್ಲ, ಒಪ್ಪುವುದಿಲ್ಲ ಎಂಬ ಭಯ. ಈ ವರ್ಷ ಫಾದರ್ ಡಾಲ್ಟನ್ ತಾವೇ ಅವಳ ಮನೆಗೆ ಹೋಗಿ ಕೇಳಿದ್ದಾರೆ.

"ಅವ್ಳಿಗೆ ಹೇಳು" ಅಂದಳು ಬ್ರೈಡ್, "ಅವತ್ತು ಅವ್ಳೂ ಹೇಳ್ಲಿ. ಗಟ್ಟಿಯಾಗಿ. ಬರೀ ಮನಸ್ಸಲ್ಲಿ ಅಲ್ಲ. ಮನಸ್ಸಲ್ಲಿ ಹೇಳಿ ಹೇಳಿ ನಂಗೆ ಸಾಕಾಗಿದೆ."

ಫಿಲ್


ಸ್ಟೈನ್‌ಬಾಕ್
2 ನವೆಂಬರ್ 2001
(ಅಂಚೆಯಲ್ಲಿ, ಕೈಬರಹ)

ಫಿಲ್,

ನಮ್ಮ ಸಭೆಯಲ್ಲಿ ಸತ್ತವರನ್ನು ಹೆಸರು ಹಿಡಿದು ಕರೆಯುವ ಪದ್ಧತಿಯಿಲ್ಲ. ಎಲ್ಲಿ ನಿಂತು ಹೇಳಬೇಕೆಂದೇ ತಿಳಿಯಲಿಲ್ಲ. ಬೆಳಗಿನ ತಿಂಡಿಯ ಮೇಜಿನ ಬಳಿ, ಏಬ್ ಪ್ರಾರ್ಥನೆ ಮುಗಿಸಿದ ಕೂಡಲೇ ಎದ್ದು ನಿಂತು ಗಟ್ಟಿಯಾಗಿ ಹೇಳಿದೆ. ಏಬ್ ಚಮಚ ಕೆಳಗಿಟ್ಟ.

"ಯಾರೇ ಅದು ಆಂಬ್ರೋಸ್?"

"ನಾನು ಹೆಸ್ರು ಅಳಿಸಿದ ಒಬ್ಬ ಹುಡ್ಗ."

ಎಲ್ಲವನ್ನೂ ಹೇಳಿದೆ. ಇಷ್ಟು ದಿನ ಅವನಿಗೂ ಹೇಳಿರಲಿಲ್ಲ. ಕೇಳಿ ಅವನು ನನಗೆ ಸಮಾಧಾನವನ್ನೇನೂ ಹೇಳಲಿಲ್ಲ. ತಾನೂ ಎದ್ದು ನಿಂತು ಒಮ್ಮೆ ಆ ಹೆಸರನ್ನು ಹೇಳಿದ. ಬರುವ ವರ್ಷವೂ ಹೇಳುತ್ತೇವೆ.

ತೀರ್ಪಿನ ಕೆಲಸ ಬಿಟ್ಟಿದ್ದೇನೆ. ಈಗ ದಿನವೂ ಆ ಹೆಸರಿಲ್ಲದ ಕಥೆ ಹಾಕಿಕೊಂಡವರನ್ನು ಹುಡುಕಿ ಪತ್ರ ಬರೆಯುತ್ತೇನೆ. ಕೆಲವರು ಸರಿಪಡಿಸುತ್ತಾರೆ, ಕೆಲವರು ಉತ್ತರವನ್ನೇ ಕೊಡುವುದಿಲ್ಲ, ಒಬ್ಬಾಕೆ ದೇವದೂತನ ಮಾತು ತೆಗೆಯುವುದಿಲ್ಲವೆಂದು ಜಗಳಕ್ಕೇ ಬಂದಳು. ಎಲ್ಲರಿಗೂ ಕೆಳಗಿನ ಸಾಲನ್ನೇ ಕಳಿಸುತ್ತಿದ್ದೇನೆ. ಇದನ್ನು ಬ್ರೈಡ್ ಅವರಿಗೆ ತೋರಿಸಿ, ತಪ್ಪಿದ್ದರೆ ತಿದ್ದಿ ಕಳಿಸಲಿ:

ಆಂಬ್ರೋಸ್ ಕರೀನ್, ಗ್ಯಾನೆಟ್ ದ್ವೀಪ. ಬ್ರೈಡ್ ಮತ್ತು ಲಿಯೋ ಕರೀನ್ ಅವರ ಮಗ. ಇದನ್ನು ಹೇಳಿದವರು ಅವನ ತಾಯಿ.

ವೆರ್ನಾ